ಅತಿಥಿಯ ಕಾಣಿಕೆ: ಸಂಗೀತಗಾರ ಶೋಪಾನರ ಬಾಳು

ನೂರು ವರ್ಷ ಬಾಳಿದ ದೇವಾಲಯದಲ್ಲಿ ಅತ್ಯಂತ ಬೆಲೆಯುಳ್ಳ ಪುಸ್ತಕ ಯಾವುದೆಂದು ಕೇಳಿದರೆ, ಪವಿತ್ರ ಗ್ರಂಥವೊಂದನ್ನು ಬಿಟ್ಟು, ಜ್ಞಾನಸ್ನಾನದ ದಾಖಲೆ ಪುಸ್ತಕವೆಂದೇ ಹೇಳಬೇಕಾಗುತ್ತದೆ. ಹಳದಿಗಟ್ಟಿದ ಅದರ ಹಾಳೆಗಳಲ್ಲಿ ಮಗುವಿನ ಹೆಸರು, ತಂದೆತಾಯಿಯರ ಹೆಸರು, ಜ್ಞಾನಪೋಷಕರ ಹೆಸರು, ಒಂದು ದಿನಾಂಕ ಇವಿಷ್ಟೇ ಇರುತ್ತವೆ. ಆ ಮಗು ಮುಂದೆ ಏನಾಯಿತು, ಎಲ್ಲಿಗೆ ಹೋಯಿತು, ಯಾವ ಸ್ಥಿತಿಯಲ್ಲಿ ಕಣ್ಣು ಮುಚ್ಚಿತು ಎಂಬುದನ್ನು ಆ ಸಾಲು ಹೇಳುವುದಿಲ್ಲ. ಆದರೂ ದೇವಾಲಯವು ತನ್ನ ಮಕ್ಕಳಲ್ಲಿ ಯಾರನ್ನೂ ಮರೆಯಲೊಪ್ಪುವುದಿಲ್ಲ ಎಂಬುದಕ್ಕೆ ಆ ಒಂದು ಸಾಲೇ ಸಾಕ್ಷಿ.

ಅಂಥ ಒಂದು ಸಾಲಿನಿಂದ ತೊಡಗಿ ಒಂದು ಕಲ್ಲಿನ ಕಂಬದಲ್ಲಿ ಕೊನೆಗೊಳ್ಳುವ ಬಾಳೊಂದನ್ನು ಈ ಸ್ಮರಣ ಸಂಚಿಕೆಯ ಓದುಗರ ಮುಂದಿಡಲು ಬಯಸುತ್ತೇವೆ. ಪೋಲೆಂಡ್ ದೇಶದ ಸಂಗೀತಗಾರ ಫ್ರೆಡರಿಕ್ ಶೋಪಾನರ ಬಾಳದು. ಅವರು ಮಹಾ ಪಿಯಾನೊವಾದಕರೆಂದು ಲೋಕಕ್ಕೆಲ್ಲ ತಿಳಿದಿದೆ. ಆದರೆ ಹತ್ತೊಂಬತ್ತರ ವಯಸ್ಸಿನಲ್ಲಿ ಅವರು ಒಬ್ಬ ತಂದೆ ಮತ್ತು ಆತನ ಮಗಳು ಕೂಡಿ ನುಡಿಸಲೆಂದು ಬರೆದುಕೊಟ್ಟ ಒಂದು ಚಿಕ್ಕ ಕೃತಿಯ ಸಂಗತಿ ಅಷ್ಟಾಗಿ ತಿಳಿದಿಲ್ಲ. ಚೆಲ್ಲೊ ಮತ್ತು ಪಿಯಾನೊಗಳಿಗಾಗಿ ರಚಿತವಾದ ಆ ಕೃತಿಯನ್ನು ಅವರೇ ಹಗುರವಾಗಿ ಕಂಡರು. ಆದರೆ ಅಂದು ಕೈಹಿಡಿದ ಆ ಚೆಲ್ಲೊ ಅವರ ಮರಣಶಯ್ಯೆಯವರೆಗೂ ಜೊತೆಗೆ ನಡೆದುಬಂದಿತು.

ಬ್ರೊಹುಫ್ ದೇವಾಲಯದ ದಾಖಲೆ

ವಾರ್ಸಾ ನಗರದ ಪಶ್ಚಿಮಕ್ಕಿರುವ ಝೆಲಾಜೊವಾ ವೋಲಾ ಎಂಬ ಹಳ್ಳಿ ಶೋಪಾನರ ಜನ್ಮಸ್ಥಳ. ತಂದೆ ನಿಕೊಲಾಸ್ ಶೋಪಾನ್ ಫ್ರಾನ್ಸಿನ ಲೊರೇನ್ ಪ್ರಾಂತದವರು. ಚಿಕ್ಕ ವಯಸ್ಸಿನಲ್ಲಿಯೇ ಪೋಲೆಂಡಿಗೆ ಬಂದು, ಫ್ರೆಂಚ್ ಭಾಷೆಯನ್ನು ಕಲಿಸುತ್ತ ಆ ನೆಲದವರೇ ಆಗಿಬಿಟ್ಟಿದ್ದರು. ತಾಯಿ ಯುಸ್ತಿನಾ ಪೋಲಿಷ್ ಮನೆತನದ ಭಕ್ತಿವಂತ ಹೆಣ್ಣುಮಗಳು. ಸಮೀಪದ ಬ್ರೊಹುಫ್ ಗ್ರಾಮದ ಸಂತ ರೋಕರ ದೇವಾಲಯದಲ್ಲಿ 1806ರಲ್ಲಿ ಅವರ ವಿವಾಹ ನೆರವೇರಿತು. ಅದೇ ದೇವಾಲಯದಲ್ಲಿ 1810ರ ಏಪ್ರಿಲ್ 23ರಂದು, ಪುನರುತ್ಥಾನ ಹಬ್ಬದ ಮರುದಿನ, ಅವರ ಮಗನಿಗೆ ಜ್ಞಾನಸ್ನಾನವಾಯಿತು. ಮಗು ಹುಟ್ಟಿದ್ದು ಫೆಬ್ರವರಿ 22ರಂದು ಎಂದು ದಾಖಲೆ ಪುಸ್ತಕ ಹೇಳುತ್ತದೆ. ಮನೆಯವರು ಮಾತ್ರ ಮಾರ್ಚ್ 1ನ್ನೇ ಅವನ ಹುಟ್ಟುಹಬ್ಬವೆಂದು ಆಚರಿಸುತ್ತಿದ್ದರು. ಈ ಎರಡರಲ್ಲಿ ಯಾವುದು ಸರಿಯೆಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ.

ಮಗು ಎಂಟು ತಿಂಗಳಿನದಾಗಿರುವಾಗಲೇ ಸಂಸಾರವು ವಾರ್ಸಾಕ್ಕೆ ಬಂದು ನೆಲಸಿತು. ಲುದ್ವಿಕಾ ಎಂಬ ಅಕ್ಕ, ಇಜಾಬೆಲಾ ಮತ್ತು ಎಮಿಲಿಯಾ ಎಂಬ ಇಬ್ಬರು ತಂಗಿಯರು, ನಡುವೆ ಒಬ್ಬನೇ ಹುಡುಗ. ಮನೆಯಲ್ಲಿ ತಾಯಿ ಪಿಯಾನೊ ನುಡಿಸುತ್ತಿದ್ದರು. ತಂದೆಗೆ ಪಿಟೀಲು, ಕೊಳಲುಗಳ ಪರಿಚಯವಿತ್ತು. ಝಿವ್ನಿ ಎಂಬ ಬೊಹೀಮಿಯದ ವೃದ್ಧ ಶಿಕ್ಷಕರ ಕೈಯಲ್ಲಿ ಬಾಲಕನ ಸಂಗೀತಾಭ್ಯಾಸ ಮೊದಲಾಯಿತು. ಏಳನೆಯ ವಯಸ್ಸಿನಲ್ಲಿ, ಅಂದರೆ 1817ರಲ್ಲಿ, ಅವನ ರಚನೆಯೊಂದು ಅಚ್ಚಾಯಿತು. ಅದನ್ನು ಮುದ್ರಿಸಿದ್ದು ವಾರ್ಸಾದಲ್ಲಿ ಒಬ್ಬ ಕಥೋಲಿಕ ಗುರುಗಳು ನಡೆಸುತ್ತಿದ್ದ ಮುದ್ರಣಾಲಯವೆಂಬುದು ನಮಗೆ ಸಂತೋಷ ಕೊಡುವ ಸಂಗತಿ. ಮರುವರ್ಷವೇ ಬಾಲಕನು ಸಾರ್ವಜನಿಕ ಕಚೇರಿಯಲ್ಲಿ ಪಿಯಾನೊ ನುಡಿಸಿ ನಗರದ ಬೆರಗಿಗೆ ಪಾತ್ರನಾದನು.

ಶಾಲೆಯಲ್ಲಿದ್ದಾಗ ಅವನಿಗೆ ಇನ್ನೊಂದು ಹೊಣೆಯೂ ಇತ್ತು. ವಿಸಿಟೇಷನ್ ಸಭೆಯ ಕನ್ಯಾಸ್ತ್ರೀಯರ ದೇವಾಲಯದಲ್ಲಿ ಶಾಲಾ ಮಕ್ಕಳಿಗಾಗಿ ನಡೆಯುತ್ತಿದ್ದ ಭಾನುವಾರದ ಬಲಿಪೂಜೆಗೆ ಆರ್ಗನ್ ನುಡಿಸುವ ಕೆಲಸವದು. ನಮ್ಮ ಧರ್ಮಕೇಂದ್ರಗಳಲ್ಲಿ ಹಾರ್ಮೋನಿಯಂ ಮುಂದೆ ಕುಳಿತು ಗಾನವೃಂದವನ್ನು ನಡೆಸುವ ಹುಡುಗರಂತೆ, ಹದಿನೈದರ ಆ ತರುಣನೂ ತನ್ನ ದೇವಾಲಯದ ಸೇವೆಯನ್ನು ಮಾಡಿದನು. 1826ರಿಂದ 1829ರವರೆಗೆ ಯೂಸೆಫ್ ಎಲ್ಸ್ನರ್ ಎಂಬ ಗುರುವಿನ ಬಳಿ ಅವನು ರಚನಾಶಾಸ್ತ್ರವನ್ನು ಅಭ್ಯಸಿಸಿದನು. ಶಿಷ್ಯನನ್ನು ತನ್ನ ಅಚ್ಚಿನಲ್ಲಿ ಎರಕ ಹೊಯ್ಯಲು ಹೋಗದೆ ಅವನ ದಾರಿಯಲ್ಲೇ ಬೆಳೆಯಗೊಟ್ಟದ್ದು ಆ ಗುರುವಿನ ದೊಡ್ಡತನ. ಈ ನಡುವೆ 1827ರಲ್ಲಿ ಕಿರಿಯ ತಂಗಿ ಎಮಿಲಿಯಾ ಹದಿನಾಲ್ಕನೆಯ ವಯಸ್ಸಿನಲ್ಲಿ ಕ್ಷಯರೋಗದಿಂದ ತೀರಿಕೊಂಡಳು. ಆ ರೋಗದ ನೆರಳು ಅಣ್ಣನ ಮೇಲೆಯೂ ಬೀಳಲಿತ್ತು.

ಆಂಟೊನಿನ್ ಬೇಟೆಮನೆ

1829ರ ಆಗಸ್ಟ್ ತಿಂಗಳಲ್ಲಿ ತರುಣ ಶೋಪಾನರು ವಿಯೆನ್ನಾದಲ್ಲಿ ಎರಡು ಕಚೇರಿಗಳನ್ನು ನೀಡಿ ಯಶಸ್ವಿಯಾಗಿ ಮರಳಿದರು. ಆ ಶರತ್ಕಾಲದಲ್ಲಿ ಅವರಿಗೆ ಒಂದು ಆಹ್ವಾನ ಬಂದಿತು. ಅದನ್ನು ಕಳುಹಿಸಿದವರು ರಾಜಕುಮಾರ ಆಂಟೋನಿ ರಾಡ್ಜಿವಿಲ್. ಪ್ರಷ್ಯದ ಆಳ್ವಿಕೆಯಲ್ಲಿದ್ದ ಪೋಜ್ನಾನ್ ಸೀಮೆಗೆ ಅವರು ರಾಜಪ್ರತಿನಿಧಿಯಾಗಿದ್ದರು. ಅಧಿಕಾರಕ್ಕಿಂತ ಸಂಗೀತವೇ ಅವರಿಗೆ ಹೆಚ್ಚು ಪ್ರಿಯವಾಗಿತ್ತು. ಗಯಟೆಯ ಫೌಸ್ಟ್ ನಾಟಕಕ್ಕೆ ಸಂಗೀತ ರಚಿಸಿದವರು ಅವರು. ಬೀಥೋವನ್ ತನ್ನದೊಂದು ಕೃತಿಯನ್ನು ಅವರಿಗೆ ಅರ್ಪಿಸಿದ್ದನು. ಅವರ ಕೈಯ ವಾದ್ಯ ಚೆಲ್ಲೊ.

ಕಲೆಯನ್ನು ಪೋಷಿಸುತ್ತ ತಾವೂ ಕಲಾವಿದರಾಗಿದ್ದ ಅರಸರು ನಮ್ಮ ನಾಡಿಗೆ ಹೊಸಬರಲ್ಲ. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ, ನೃಪತುಂಗನ ಆಸ್ಥಾನದಲ್ಲಿ ಕನ್ನಡದ ಮೊದಲ ಶಾಸ್ತ್ರಗ್ರಂಥ ಹುಟ್ಟಿತು. ನಮ್ಮ ಕಾಲಕ್ಕೆ ಹತ್ತಿರದವರಾದ ಮೈಸೂರಿನ ಜಯಚಾಮರಾಜೇಂದ್ರ ಒಡೆಯರು ಸ್ವತಃ ಪಿಯಾನೊ ಬಲ್ಲವರು. ರಷ್ಯದಿಂದ ಬಂದು ಲಂಡನ್ನಿನಲ್ಲಿ ಬಡತನದಲ್ಲಿದ್ದ ಮೆಟ್ನರ್ ಎಂಬ ಸಂಗೀತಗಾರನ ಕೃತಿಗಳು 1940ರ ದಶಕದ ಕೊನೆಯಲ್ಲಿ ಧ್ವನಿಮುದ್ರಣಗೊಳ್ಳುವಂತೆ ಧನಸಹಾಯ ನೀಡಿದವರು ಅವರೇ. ಮೆಟ್ನರ್ ಕೃತಜ್ಞತೆಯಿಂದ ತನ್ನ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದನು. ರಾಡ್ಜಿವಿಲ್ ಕೂಡ ಅಂಥ ರಸಿಕ ಪ್ರಭು.

ಆಂಟೊನಿನ್ ಎಂಬಲ್ಲಿ ಕಾಡಿನ ನಡುವೆ ಅವರದೊಂದು ಬೇಟೆಮನೆಯಿತ್ತು. ಷಿಂಕೆಲ್ ಎಂಬ ಪ್ರಸಿದ್ಧ ವಾಸ್ತುಶಿಲ್ಪಿ ಕಟ್ಟಿದ ಮರದ ಅರಮನೆಯದು. ನಡುವೆ ಎಂಟು ಮೂಲೆಗಳ ಎತ್ತರದ ಹಜಾರ. ಆ ಹಜಾರದ ಮಧ್ಯದಲ್ಲಿ ಕಂಬದಂತೆ ನಿಂತ ದೊಡ್ಡ ಒಲೆ. ಅಲ್ಲಿ ಶೋಪಾನರು ಸುಮಾರು ಒಂದು ವಾರ ಅತಿಥಿಯಾಗಿದ್ದರು. ರಾಜಕುಮಾರರಿಗೆ ಎಲಿಜಾ, ವಾಂಡಾ ಎಂಬ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ಚಿತ್ರ ಬರೆಯುವವಳು. ಪಿಯಾನೊ ಮುಂದೆ ಕುಳಿತ ಅತಿಥಿಯ ರೂಪವನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಹದಿನಾರರ ವಾಂಡಾ ಪಿಯಾನೊ ಅಭ್ಯಾಸ ಮಾಡುತ್ತಿದ್ದಳು. ಅತಿಥಿಯಾಗಿ ಬಂದವರೇ ಅವಳಿಗೆ ಪಾಠ ಹೇಳತೊಡಗಿದರು.

ಉಂಡ ಮನೆಗೆ ಏನಾದರೂ ಕೊಟ್ಟು ಹೋಗಬೇಕೆಂಬುದು ಎಲ್ಲ ನಾಡಿನ ಸಂಪ್ರದಾಯ. ಹತ್ತೊಂಬತ್ತರ ಶೋಪಾನರ ಬಳಿ ಕೊಡಲು ಇದ್ದದ್ದು ಸಂಗೀತವೊಂದೇ. ತಂದೆಗೆ ಚೆಲ್ಲೊ, ಮಗಳಿಗೆ ಪಿಯಾನೊ ಎಂದು ಭಾಗ ಮಾಡಿ ಅವರು ಒಂದು ಪೊಲೊನೇಸ್ ಬರೆದುಕೊಟ್ಟರು. ವಾರ್ಸಾಕ್ಕೆ ಮರಳಿದ ಮೇಲೆ ನವೆಂಬರ್ 14ರಂದು ತಮ್ಮ ಪ್ರಾಣಸ್ನೇಹಿತ ತೀತುಸ್ ವೊಯ್ಚೆಹೋವ್ಸ್ಕಿಗೆ ಬರೆದ ಪತ್ರದಲ್ಲಿ, ಅದು ಶ್ರೀಮಂತರ ಹಜಾರದಲ್ಲಿ ಹೆಂಗಸರು ಕೇಳಿ ನಲಿಯಲೆಂದು ಮಾಡಿದ ಬರಿಯ ಮಿರುಗು ಎಂಬ ಅರ್ಥದಲ್ಲಿ ಅವರು ಅದನ್ನು ತಳ್ಳಿಹಾಕಿದರು. ಆದರೂ ಅದನ್ನು ಮರೆಯಲಿಲ್ಲ. 1830ರ ವಸಂತದಲ್ಲಿ ಅದಕ್ಕೊಂದು ಪೀಠಿಕಾಭಾಗವನ್ನು ಸೇರಿಸಿದರು. 1831ರಲ್ಲಿ ವಿಯೆನ್ನಾದ ಮೆಕೆಟ್ಟಿ ಎಂಬ ಪ್ರಕಾಶಕರು ಅದನ್ನು ಮೂರನೆಯ ಕೃತಿಸಂಖ್ಯೆಯಡಿ ಪ್ರಕಟಿಸಿದರು. ಪೀಠಿಕೆ ಮತ್ತು ಉಜ್ಜ್ವಲ ಪೊಲೊನೇಸ್ ಎಂಬುದೇ ಅದರ ಹೆಸರಿನ ಅರ್ಥ.

ಆ ಕೃತಿಯ ಗುಣ

ಚೆಲ್ಲೊ ಎಂಬುದು ಪಿಟೀಲಿನ ಕುಲಕ್ಕೆ ಸೇರಿದ ದೊಡ್ಡ ವಾದ್ಯ. ವಾದಕನು ಕುಳಿತು ಅದನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನಿನಿಂದ ನುಡಿಸುತ್ತಾನೆ. ನಾಲ್ಕೇ ತಂತಿಗಳು, ಆದರೆ ಮಂದ್ರದ ಗಾಂಭೀರ್ಯದಿಂದ ತಾರದ ಆರ್ದ್ರತೆಯವರೆಗೆ ಅದರ ವ್ಯಾಪ್ತಿ. ಪ್ರಾಯಕ್ಕೆ ಬಂದ ಗಂಡಸಿನ ಕೊರಳಿಗೆ ಅತ್ಯಂತ ಸಮೀಪವಾದ ವಾದ್ಯವೆಂದು ಅದನ್ನು ಕರೆಯುವುದುಂಟು. ಪಿಯಾನೊದಲ್ಲಿ ಒತ್ತಿದ ಸ್ವರವು ಒಡನೆಯೇ ಕ್ಷೀಣಿಸತೊಡಗುತ್ತದೆ. ಚೆಲ್ಲೊದ ಸ್ವರವಾದರೋ ಕಮಾನು ಸಾಗುವವರೆಗೂ ಉಳಿದು ಬೆಳೆಯಬಲ್ಲದು. ಹೀಗೆ ಒಂದರ ಕೊರತೆಯನ್ನು ಇನ್ನೊಂದು ತುಂಬುವುದರಿಂದ ಅವೆರಡರ ಜೊತೆ ಸೊಗಸಾಗುತ್ತದೆ.

ಪೊಲೊನೇಸ್ ಎಂಬುದು ಪೋಲೆಂಡಿನ ಪುರಾತನ ನಡಿಗೆಯ ನೃತ್ಯ. ಮದುವೆ, ಹಬ್ಬ, ದೊಡ್ಡ ಔತಣಗಳಲ್ಲಿ ಹಿರಿಯರು ಮುಂದಾಗಿ, ಉಳಿದವರು ಜೋಡಿ ಜೋಡಿಯಾಗಿ ಹಿಂದೆ ಸಾಲುಗೊಂಡು, ಮೂರು ಎಣಿಕೆಯ ಲಯದಲ್ಲಿ ಘನತೆಯಿಂದ ಹಜಾರವನ್ನು ಸುತ್ತುತ್ತಾರೆ. ನಮ್ಮ ಮದುವೆಯ ದಿಬ್ಬಣಕ್ಕೂ ಹಬ್ಬದ ಮೆರವಣಿಗೆಗೂ ಇರುವ ಗತ್ತು ಅದಕ್ಕಿದೆ. ಸ್ವಾತಂತ್ರ್ಯ ಕಳೆದುಕೊಂಡು ರಷ್ಯ, ಪ್ರಷ್ಯ, ಆಸ್ಟ್ರಿಯಗಳ ನಡುವೆ ಹಂಚಿಹೋಗಿದ್ದ ಆ ದೇಶಕ್ಕೆ ಆ ಲಯವೇ ಒಂದು ನೆನಪಾಗಿತ್ತು.

ಇಡೀ ಕೃತಿ ಹತ್ತು ನಿಮಿಷವನ್ನು ಮೀರುವುದಿಲ್ಲ. ಮೊದಲಿನ ನಿಧಾನ ಭಾಗದಲ್ಲಿ ಪಿಯಾನೊ ಮೇಲಕ್ಕೂ ಕೆಳಕ್ಕೂ ಸ್ವರಗಳನ್ನು ಚೆಲ್ಲುತ್ತದೆ. ಚೆಲ್ಲೊ ಅದರ ನಡುವೆ ಶಾಂತವಾಗಿ ಹಾಡಿಕೊಳ್ಳುತ್ತದೆ. ಬಳಿಕ ಪೊಲೊನೇಸಿನ ಲಯ ಮೇಲೆದ್ದು, ಬೆರಳುಗಳ ಓಟ ಹೆಚ್ಚುತ್ತ ಹೋಗಿ, ಸಡಗರದಲ್ಲಿ ಮುಗಿಯುತ್ತದೆ. ಲಕ್ಷಿಸಬೇಕಾದ ಸಂಗತಿಯೊಂದಿದೆ. ಚಮತ್ಕಾರದ ಹೊರೆಯೆಲ್ಲವೂ ಪಿಯಾನೊದ ಪಾಲಿಗೆ ಬಂದಿದ್ದು, ಚೆಲ್ಲೊಗೆ ಹೆಚ್ಚಾಗಿ ಹಾಡುವ ಕೆಲಸವೇ ಉಳಿದಿದೆ. ಆದ್ದರಿಂದಲೇ ಇಪ್ಪತ್ತನೆಯ ಶತಮಾನದಲ್ಲಿ ಫಾಯರ್‌ಮನ್, ಜೆಂಡ್ರಾನ್ ಮೊದಲಾದ ಚೆಲ್ಲೊ ಪ್ರವೀಣರು ತಮ್ಮ ವಾದ್ಯಕ್ಕೂ ಮಿಂಚುವ ಅವಕಾಶ ಬೇಕೆಂದು ಆ ಭಾಗವನ್ನು ಬದಲಿಸಿ ನುಡಿಸಿದರು. ಇಂದಿನ ಕಚೇರಿಗಳಲ್ಲಿ ಅಂಥ ಬದಲಾದ ರೂಪಗಳೂ ಕೇಳಿಬರುತ್ತವೆ.

ಆದರೆ ಮೂಲ ರೂಪದಲ್ಲಿಯೂ ಒಂದು ಸೊಗಸಿದೆ. ಮಗಳ ಬೆರಳು ಮಿಂಚುತ್ತಿರುವಾಗ ತಂದೆಯ ವಾದ್ಯ ಹಿಂದೆ ನಿಂತು ಅವಳನ್ನು ಆಧರಿಸುತ್ತದೆ. ತನ್ನ ಸರದಿ ಬಂದಾಗ ಆಡಂಬರವಿಲ್ಲದೆ ಹಾಡುತ್ತದೆ. ಕೊಡುಗೆಯೊಂದು ಕೊಡುವವನ ಪ್ರತಿಭೆಯನ್ನಷ್ಟೇ ಮೆರೆಸಿದರೆ ಸಾಲದು. ತೆಗೆದುಕೊಳ್ಳುವವರ ಕೈಗೂ ಒಗ್ಗಬೇಕು. ಹಗುರವೆಂದು ತಾವೇ ಹೇಳಿಕೊಂಡ ರಚನೆಯಲ್ಲಿ ಶೋಪಾನರು ಈ ಮಾತನ್ನು ಸಾಧಿಸಿದ್ದರು. ಹಜಾರದಲ್ಲಿ ಕೆಲವು ಸಂಜೆ ನುಡಿದು ಮರೆತುಹೋಗಬೇಕಾಗಿದ್ದ ಆ ಕಾಣಿಕೆ ಇಂದಿಗೂ ಜಗತ್ತಿನ ಚೆಲ್ಲೊವಾದಕರ ನಿತ್ಯದ ಸೊತ್ತಾಗಿ ಉಳಿದಿದೆ.

ಊರು ಬಿಟ್ಟವರು

1830ರ ನವೆಂಬರ್ 2ರಂದು ಶೋಪಾನರು ವಾರ್ಸಾವನ್ನು ಬಿಟ್ಟು ಹೊರಟರು. ಮರಳಿ ಆ ನೆಲವನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ನಾಲ್ಕು ವಾರ ಕಳೆಯುವುದರೊಳಗೆ, ನವೆಂಬರ್ 29ರಂದು, ರಷ್ಯದ ಆಳ್ವಿಕೆಯ ವಿರುದ್ಧ ವಾರ್ಸಾದಲ್ಲಿ ದಂಗೆಯೆದ್ದಿತು. ಜೊತೆಗೆ ವಿಯೆನ್ನಾಕ್ಕೆ ಬಂದಿದ್ದ ತೀತುಸ್ ಹೋರಾಟದಲ್ಲಿ ಸೇರಲು ಹಿಂದಿರುಗಿದನು. ದುರ್ಬಲ ಶರೀರದ ಶೋಪಾನರು ಒಬ್ಬಂಟಿಯಾಗಿ ಉಳಿದರು. ಆ ವರ್ಷದ ಕ್ರಿಸ್ತಜಯಂತಿಯ ಹಿಂದಿನ ರಾತ್ರಿ ಅವರು ವಿಯೆನ್ನಾದ ಸಂತ ಸ್ತೆಫಾನರ ಮಹಾದೇವಾಲಯವನ್ನು ಹೊಕ್ಕರು. ಜನರಿನ್ನೂ ಬಂದಿರಲಿಲ್ಲ. ಕತ್ತಲು ಕವಿದ ಮೂಲೆಯ ಕಂಬವೊಂದರ ಬುಡದಲ್ಲಿ ನಿಂತು, ಹಿಂದೆ ಸಮಾಧಿ, ಕೆಳಗೆ ಸಮಾಧಿ ಎಂಬಂತೆ ತಮ್ಮ ಒಂಟಿತನವನ್ನು ಅನುಭವಿಸಿದುದನ್ನು ಅವರು ಗೆಳೆಯನೊಬ್ಬನಿಗೆ ಬರೆದರು.

ರೈಲ್ವೆಯ ಕೆಲಸಕ್ಕೆಂದು ವಾಡಿಗೆ ಬಂದವರು, ಕಲ್ಲುಗಣಿಗೆ, ಸಿಮೆಂಟು ಕಾರ್ಖಾನೆಗೆಂದು ಶಹಾಬಾದಿಗೆ ಬಂದವರು, ಚಿತ್ತಾಪುರ, ಚಿಂಚೋಳಿಗಳಿಂದ ದುಡಿಮೆಗಾಗಿ ದೂರದ ನಗರಗಳಿಗೆ ಹೋದವರು, ಇವರೆಲ್ಲರೂ ಆ ರಾತ್ರಿಯನ್ನು ಅರ್ಥಮಾಡಿಕೊಳ್ಳಬಲ್ಲರು. ಹಬ್ಬದ ದಿನ ಪರವೂರಿನ ದೇವಾಲಯದಲ್ಲಿ ಪರಿಚಯದ ಒಂದೂ ಮುಖವಿಲ್ಲದೆ ನಿಂತವರಿಗೆ ಆ ಕಂಬದ ಬುಡ ಅಪರಿಚಿತವಲ್ಲ.

ಆ ಚಳಿಗಾಲದ ಒಂಟಿತನದಲ್ಲಿಯೂ ಚೆಲ್ಲೊ ಒಬ್ಬ ಗೆಳೆಯನನ್ನು ತಂದುಕೊಟ್ಟಿತು. ವಿಯೆನ್ನಾದ ಚೆಲ್ಲೊವಾದಕ ಯೋಸೆಫ್ ಮೆರ್ಕ್ ಅವರ ನುಡಿಸಾಣಿಕೆಗೆ ಶೋಪಾನರು ಮನಸೋತರು. ಆಂಟೊನಿನ್ನಿನ ಪೊಲೊನೇಸ್ ಅಚ್ಚಾದಾಗ ಅದರ ಮೇಲೆ ಅರ್ಪಣೆಯಾಗಿ ಬಂದದ್ದು ಮೆರ್ಕ್ ಅವರ ಹೆಸರು. ರಾಜಕುಮಾರ ರಾಡ್ಜಿವಿಲ್ ಅವರಿಗೆ ಪಿಯಾನೊ, ಪಿಟೀಲು, ಚೆಲ್ಲೊಗಳ ಇನ್ನೊಂದು ಕೃತಿ ಅರ್ಪಿತವಾಯಿತು.

ಪ್ಯಾರಿಸ್ ಮತ್ತು ಫ್ರಾಂಶೋಮ್

1831ರ ಸೆಪ್ಟೆಂಬರಿನಲ್ಲಿ ವಾರ್ಸಾ ರಷ್ಯದ ಸೈನ್ಯಕ್ಕೆ ಶರಣಾಯಿತು. ಆ ಶರತ್ಕಾಲದಲ್ಲಿ ಶೋಪಾನರು ಪ್ಯಾರಿಸನ್ನು ಸೇರಿದರು. ದೇಶಭ್ರಷ್ಟರಾದ ಸಾವಿರಾರು ಪೋಲಿಷ್ ಜನರು ಅಲ್ಲಿ ನೆಲಸಿದ್ದರು. 1832ರ ಫೆಬ್ರವರಿಯ ಮೊದಲ ಕಚೇರಿಯಿಂದಲೇ ಅವರ ಹೆಸರು ಹಬ್ಬಿತು. ಆದರೆ ದೊಡ್ಡ ಸಭೆಗಳೆಂದರೆ ಅವರಿಗೆ ಅಳುಕು. ಇಡೀ ಜೀವಮಾನದಲ್ಲಿ ಅವರು ನೀಡಿದ ಸಾರ್ವಜನಿಕ ಕಚೇರಿಗಳು ಸುಮಾರು ಮೂವತ್ತು ಮಾತ್ರ. ಪಾಠ ಹೇಳುವುದರಿಂದಲೂ ಕೃತಿಗಳ ಮಾರಾಟದಿಂದಲೂ ಅವರ ಜೀವನ ಸಾಗಿತು.

ಪ್ಯಾರಿಸಿನಲ್ಲಿ ಅವರಿಗೆ ದೊರೆತ ನಿಷ್ಠಾವಂತ ಸ್ನೇಹಿತ ಆಗಸ್ಟ್ ಫ್ರಾಂಶೋಮ್. ಲಿಲ್ ನಗರದಲ್ಲಿ 1808ರಲ್ಲಿ ಹುಟ್ಟಿದ ಈತ ಆ ಕಾಲದ ಫ್ರಾನ್ಸಿನ ಅಗ್ರಗಣ್ಯ ಚೆಲ್ಲೊವಾದಕ. ಪರಿಚಯವಾದ ಹೊಸತರಲ್ಲೇ, ಮಾಯರ್‌ಬೇರನ ಗೀತನಾಟಕವೊಂದರ ರಾಗಗಳನ್ನು ಎತ್ತಿಕೊಂಡು ಇಬ್ಬರೂ ಕೂಡಿ ಚೆಲ್ಲೊ ಮತ್ತು ಪಿಯಾನೊಗಳಿಗೆ ಒಂದು ಕೃತಿಯನ್ನು ಬರೆದರು. ಮುಂದೆ ಶೋಪಾನರ ಹಸ್ತಪ್ರತಿಗಳನ್ನು ನಕಲು ಮಾಡುವುದು, ಪ್ರಕಾಶಕರೊಡನೆ ವ್ಯವಹರಿಸುವುದು, ಹಣಕಾಸಿನ ಚಿಂತೆ ನೋಡಿಕೊಳ್ಳುವುದು ಇವೆಲ್ಲವನ್ನೂ ಈ ಸ್ನೇಹಿತನು ಸದ್ದಿಲ್ಲದೆ ಮಾಡಿಕೊಂಡು ಬಂದನು.

ಶೋಪಾನರ ಸಾಧನೆಯೆಲ್ಲವೂ ಪಿಯಾನೊ ಒಂದಕ್ಕೇ ಮೀಸಲು ಎನ್ನುವಷ್ಟರಮಟ್ಟಿಗೆ ಅವರು ಅದನ್ನು ನೆಚ್ಚಿದ್ದರು. ವಾದ್ಯವೃಂದವಿಲ್ಲದೆ ಬೇರೆ ಒಂದೆರಡು ವಾದ್ಯಗಳೊಡನೆ ಕೂಡಿ ನುಡಿಸುವ ಅವರ ಪ್ರಮುಖ ಕೃತಿಗಳು ನಾಲ್ಕೇ: ಆಂಟೊನಿನ್ನಿನ ಪೊಲೊನೇಸ್, ರಾಡ್ಜಿವಿಲ್ ಅವರಿಗೆ ಅರ್ಪಿಸಿದ ಮೂರು ವಾದ್ಯಗಳ ಕೃತಿ, ಫ್ರಾಂಶೋಮನೊಡನೆ ಬರೆದ ಕೃತಿ, ಮತ್ತು ಕೊನೆಯದಾಗಿ ಚೆಲ್ಲೊ ಸೊನಾಟಾ. ಈ ನಾಲ್ಕರಲ್ಲಿಯೂ ಚೆಲ್ಲೊ ಇದೆ. ಪಿಯಾನೊದೊಡನೆ ಏಕಾಂತದಲ್ಲಿ ಬಾಳಿದ ಆ ಮನಸ್ಸು ಇನ್ನೊಂದು ಜೀವವನ್ನು ಬಳಿಗೆ ಕರೆದುಕೊಂಡಾಗಲೆಲ್ಲ ಕರೆದದ್ದು ಆ ದನಿಯನ್ನೇ.

ಬಾಳಿನ ಇನ್ನೊಂದು ಮುಖವನ್ನೂ ಇಲ್ಲಿ ಮರೆಮಾಚಲಾಗದು. 1838ರಿಂದ 1847ರವರೆಗೆ ಶೋಪಾನರು ಫ್ರೆಂಚ್ ಲೇಖಕಿ ಜಾರ್ಜ್ ಸ್ಯಾಂಡ್ ಅವರೊಡನೆ ವಿವಾಹಬಂಧನವಿಲ್ಲದೆ ಬಾಳಿದರು. ಮಯೋರ್ಕಾ ದ್ವೀಪದ ವಾಲ್ದೆಮೋಸಾದಲ್ಲಿ, ಸನ್ಯಾಸಿಗಳು ತೊರೆದುಹೋಗಿದ್ದ ಮಠವೊಂದರ ಕೋಣೆಗಳಲ್ಲಿ, 1838-39ರ ಮಳೆಯ ಚಳಿಗಾಲವನ್ನು ಕಳೆದರು. ರೋಗವೂ ಸಂಗೀತವೂ ಒಟ್ಟಿಗೆ ಉಲ್ಬಣಿಸಿದ ಕಾಲವದು. ಸ್ಯಾಂಡ್ ಅವರ ಆರೈಕೆಯಲ್ಲಿ, ನೋಆನ್ ಎಂಬ ಹಳ್ಳಿಯ ಬೇಸಗೆಯ ದಿನಗಳಲ್ಲಿ, ಅವರ ಶ್ರೇಷ್ಠ ರಚನೆಗಳು ಮೂಡಿದವೆಂಬುದು ನಿಜ. ಸಂಸ್ಕಾರಗಳಿಂದ ಅವರು ವರ್ಷಗಟ್ಟಲೆ ದೂರವಾದರೆಂಬುದೂ ಅಷ್ಟೇ ನಿಜ. ಬ್ರೊಹುಫ್ ದಾಖಲೆಯ ಆ ಮಗು, ವಾರ್ಸಾದ ಬಲಿಪೂಜೆಗೆ ಆರ್ಗನ್ ನುಡಿಸಿದ ಆ ಹುಡುಗ, ದೇವಾಲಯದ ಬಾಗಿಲನ್ನು ದಾಟಿ ಬಹುದೂರ ನಡೆದುಬಿಟ್ಟಿದ್ದನು. ಅವನು ಮರಳಿ ಬರುವನೇ ಎಂಬುದು ಅವನನ್ನು ಪ್ರೀತಿಸಿದವರ ಹೃದಯದ ಪ್ರಶ್ನೆಯಾಗಿತ್ತು.

ಕೊನೆಯ ಕಚೇರಿ, ಕೊನೆಯ ಸ್ವರ

1846ರಲ್ಲಿ ಶೋಪಾನರು ಚೆಲ್ಲೊ ಸೊನಾಟಾವನ್ನು ಪೂರ್ಣಗೊಳಿಸಿದರು. ಹತ್ತೊಂಬತ್ತರಲ್ಲಿ ಒಂದು ವಾರದ ಆತಿಥ್ಯದ ನಡುವೆ ಪೊಲೊನೇಸನ್ನು ಬರೆದುಬಿಟ್ಟಿದ್ದವರು, ಈ ಕೃತಿಗಾಗಿ ತಿಂಗಳುಗಟ್ಟಲೆ ಬರೆದು ಹೊಡೆದುಹಾಕಿ ಮತ್ತೆ ಬರೆದರು. ಇಲ್ಲಿ ಮಿರುಗಿಗೆ ಎಡೆಯಿಲ್ಲ. ಎರಡು ವಾದ್ಯಗಳೂ ಸಮಾನ ಹೊಣೆ ಹೊತ್ತು ಮಾತನಾಡುತ್ತವೆ. 1847ರಲ್ಲಿ ಫ್ರಾಂಶೋಮನಿಗೆ ಅರ್ಪಿತವಾಗಿ ಪ್ರಕಟವಾದ ಅದು ಅವರ ಜೀವಿತಕಾಲದಲ್ಲಿ ಬೆಳಕು ಕಂಡ ಕಡೆಯ ಕೃತಿಗಳ ಸಾಲಿನದು. 1848ರ ಫೆಬ್ರವರಿ 16ರಂದು ಪ್ಯಾರಿಸಿನ ತಮ್ಮ ಕೊನೆಯ ಕಚೇರಿಯಲ್ಲಿ ಶೋಪಾನರು ಫ್ರಾಂಶೋಮನೊಡನೆ ಆ ಸೊನಾಟಾವನ್ನು, ಮೊದಲ ಭಾಗವನ್ನು ಬಿಟ್ಟು, ನುಡಿಸಿದರು. ಅದಾದ ಒಂದು ವಾರದಲ್ಲಿ ಪ್ಯಾರಿಸಿನಲ್ಲಿ ಕ್ರಾಂತಿಯಾಯಿತು; ಶಿಷ್ಯರು ಚದುರಿದರು; ಆದಾಯ ನಿಂತಿತು. ಇಂಗ್ಲೆಂಡ್, ಸ್ಕಾಟ್ಲೆಂಡುಗಳಲ್ಲಿ ಕೆಲವು ತಿಂಗಳು ಸುತ್ತಿದ ಮೇಲೆ, ನವೆಂಬರ್ 16ರಂದು ಲಂಡನ್ನಿನ ಗಿಲ್ಡ್‌ಹಾಲಿನಲ್ಲಿ ಪೋಲಿಷ್ ನಿರಾಶ್ರಿತರ ಸಹಾಯಾರ್ಥವಾಗಿ ನುಡಿಸಿದ್ದೇ ಅವರ ಕಡೆಯ ಸಾರ್ವಜನಿಕ ವಾದನ.

1849ರ ಬೇಸಗೆಯಲ್ಲಿ ರೋಗ ಕೈಮೀರಿತು. ತಮ್ಮನ ಕರೆಗೆ ಓಗೊಟ್ಟು ಅಕ್ಕ ಲುದ್ವಿಕಾ ವಾರ್ಸಾದಿಂದ ಪ್ಯಾರಿಸಿಗೆ ಬಂದಳು. ಬಂದವರಲ್ಲಿ ಅಲೆಕ್ಸಾಂಡರ್ ಯೆಲೊವಿಟ್ಸ್ಕಿ ಎಂಬ ಪೋಲಿಷ್ ಗುರುಗಳೂ ಇದ್ದರು. ದಂಗೆಯಲ್ಲಿ ಹೋರಾಡಿ, ದೇಶಭ್ರಷ್ಟರಾಗಿ, ಅನಂತರ ಗುರುದೀಕ್ಷೆ ಪಡೆದ ಅವರು ಶೋಪಾನರ ಹಳೆಯ ಗೆಳೆಯರು. ಮುಂದಿನ ವಿಷಯಗಳು ಆ ಗುರುಗಳೇ ಕೆಲವು ದಿನಗಳ ಬಳಿಕ ಬರೆದ ಪತ್ರದಿಂದ ತಿಳಿದುಬರುತ್ತವೆ. ಸಂಸ್ಕಾರಗಳಿಲ್ಲದೆ ಸತ್ತು ತಾಯಿಯನ್ನು ನೋಯಿಸಲು ಶೋಪಾನರಿಗೆ ಇಷ್ಟವಿರಲಿಲ್ಲ. ಆದರೆ ನಂಬಿಕೆಯಿಲ್ಲದೆ ಅವನ್ನು ಬರಿಯ ಉಪಚಾರಕ್ಕಾಗಿ ಸ್ವೀಕರಿಸಲೂ ಅವರ ಮನಸ್ಸು ಒಪ್ಪಲಿಲ್ಲ. ಗುರುಗಳು ಒತ್ತಾಯಿಸಲಿಲ್ಲ, ಬರುವುದನ್ನೂ ಬಿಡಲಿಲ್ಲ.

ಅಕ್ಟೋಬರ್ 13 ಸಂತ ಎಡ್ವರ್ಡರ ಹಬ್ಬ. ಹಿಂದಿನ ವರ್ಷ ವಿಯೆನ್ನಾದಲ್ಲಿ ಗುಂಡಿಗೆ ಬಲಿಯಾಗಿದ್ದ ಗುರುಗಳ ಸಹೋದರನ ಹೆಸರು ಎಡ್ವರ್ಡ್. ಅವನ ಆತ್ಮಕ್ಕಾಗಿ ಬಲಿಪೂಜೆಯನ್ನು ಅರ್ಪಿಸಿದ ಗುರುಗಳು ಶೋಪಾನರ ಬಳಿಗೆ ಬಂದು, ತೀರಿಹೋದ ತಮ್ಮ ಸಹೋದರನ ನಾಮಹಬ್ಬಕ್ಕೆ ಒಂದು ಕಾಣಿಕೆಯನ್ನು ಬೇಡಿದರು. ಅವರು ಬೇಡಿದ್ದು ಶೋಪಾನರ ಆತ್ಮವನ್ನು. ಜೀವಮಾನವಿಡೀ ಸ್ವರಗಳನ್ನು ಕಾಣಿಕೆಯಾಗಿ ಕೊಟ್ಟುಬಂದವರು ಈ ಬೇಡಿಕೆಗೆ ಇಲ್ಲವೆನ್ನಲಿಲ್ಲ. ಕಣ್ಣೀರಿನೊಡನೆ ಪಾಪನಿವೇದನೆ ಮಾಡಿ, ಸತ್ಪ್ರಸಾದವನ್ನೂ ಅಂತ್ಯಾಭ್ಯಂಗವನ್ನೂ ಸ್ವೀಕರಿಸಿದರು.

ಆ ಕೊನೆಯ ದಿನಗಳಲ್ಲಿಯೇ ಶಿಷ್ಯೆ ಮಾರ್ಸೆಲಿನಾ ಚಾರ್ತೊರಿಸ್ಕಾ ಮತ್ತು ಫ್ರಾಂಶೋಮ್ ಪಕ್ಕದ ಕೋಣೆಯಲ್ಲಿ ಚೆಲ್ಲೊ ಸೊನಾಟಾವನ್ನು ನುಡಿಸಲು ತೊಡಗಿದರೆಂದೂ, ರೋಗಿಗೆ ಉಸಿರು ಕಟ್ಟಿದ್ದರಿಂದ ಕೆಲವು ಸಾಲುಗಳಲ್ಲೇ ನಿಲ್ಲಿಸಬೇಕಾಯಿತೆಂದೂ ಹೇಳುತ್ತಾರೆ. ಅಕ್ಟೋಬರ್ 17ರ ನಸುಕಿನಲ್ಲಿ, ಸುಮಾರು ಎರಡು ಗಂಟೆಗೆ, ಶೋಪಾನರು ಕಣ್ಣು ಮುಚ್ಚಿದರು. ಆಗ ಅವರಿಗೆ ಮೂವತ್ತೊಂಬತ್ತು ವರ್ಷ.

ಕಂಬದೊಳಗಿನ ಹೃದಯ

ಅಂತ್ಯಕ್ರಿಯೆ ಅಕ್ಟೋಬರ್ 30ರಂದು ಪ್ಯಾರಿಸಿನ ಮಗ್ದಲದ ಮರಿಯಳ ದೇವಾಲಯದಲ್ಲಿ ನಡೆಯಿತು. ಮೊಜಾರ್ಟ್ ರಚಿಸಿದ ಮೃತರ ಬಲಿಪೂಜೆಯ ಸಂಗೀತವನ್ನು ಹಾಡಿಸಬೇಕೆಂಬುದು ಶೋಪಾನರ ಬಯಕೆಯಾಗಿತ್ತು. ಆದರೆ ಆ ಕಾಲದಲ್ಲಿ ಅಲ್ಲಿನ ದೇವಾಲಯಗಳಲ್ಲಿ ಹೆಂಗಸರು ಹಾಡಲು ಅಪ್ಪಣೆಯಿರಲಿಲ್ಲ. ವಿಶೇಷ ಅನುಮತಿ ದೊರೆತ ಮೇಲೆ ಗಾಯಕಿಯರು ಕಪ್ಪು ಪರದೆಯ ಹಿಂದೆ ನಿಂತು ಹಾಡಿದರು. ಇಂದು ನಮ್ಮ ದೇವಾಲಯಗಳಲ್ಲಿ ಗಾನವೃಂದವನ್ನು ಹೆಚ್ಚಾಗಿ ಹೆಣ್ಣುಮಕ್ಕಳೇ ಮುನ್ನಡೆಸುತ್ತಿರುವುದನ್ನು ನೋಡಿದಾಗ ಕಾಲ ಎಷ್ಟು ಬದಲಾಗಿದೆಯೆಂದು ತಿಳಿಯುತ್ತದೆ. ಶೋಪಾನರ ಎರಡು ಪಿಯಾನೊ ರಚನೆಗಳು ಅಂದು ಆರ್ಗನ್ನಿನಲ್ಲಿ ಕೇಳಿಬಂದವು. ಅವುಗಳಲ್ಲೊಂದರಲ್ಲಿ ರಾಗವೆಲ್ಲವೂ ಎಡಗೈಯಲ್ಲಿ, ಮಂದ್ರದಲ್ಲಿ ಸಾಗುತ್ತದೆ; ಚೆಲ್ಲೊ ಹಾಡುತ್ತಿರುವುದೋ ಎಂಬಂತೆ ಅದು ಕಿವಿಗೆ ಬೀಳುತ್ತದೆ. ಶವಪೆಟ್ಟಿಗೆಯ ವಸ್ತ್ರದ ಅಂಚನ್ನು ಹಿಡಿದು ನಡೆದವರಲ್ಲಿ ಚಿತ್ರಕಾರ ಡೆಲಕ್ರಾ ಇದ್ದನು; ಫ್ರಾಂಶೋಮನೂ ಇದ್ದನು.

ದೇಹವನ್ನು ಪ್ಯಾರಿಸಿನ ಪೇರ್ ಲಾಶೇಸ್ ಸ್ಮಶಾನದಲ್ಲಿ ಹೂಳಲಾಯಿತು. ಆದರೆ ತನ್ನ ಹೃದಯ ತಾಯ್ನಾಡಿಗೆ ಹೋಗಬೇಕೆಂಬುದು ಸತ್ತವರ ಆಸೆಯಾಗಿತ್ತು. ಮದ್ಯಸಾರ ತುಂಬಿದ ಗಾಜಿನ ಪಾತ್ರೆಯಲ್ಲಿ ಅದನ್ನಿಟ್ಟುಕೊಂಡು ಅಕ್ಕ ಲುದ್ವಿಕಾ 1850ರ ಆರಂಭದಲ್ಲಿ ವಾರ್ಸಾಕ್ಕೆ ಮರಳಿದಳು. ಗಡಿಯ ಕಾವಲುಗಾರರ ಕಣ್ಣಿಗೆ ಬೀಳದಂತೆ ಅದನ್ನು ಉಡುಪಿನೊಳಗೆ ಬಚ್ಚಿಟ್ಟು ತಂದಳೆಂಬ ಮಾತಿದೆ. ವಾರ್ಸಾದ ಪವಿತ್ರ ಶಿಲುಬೆಯ ದೇವಾಲಯದಲ್ಲಿ ಇರಿಸಲಾದ ಆ ಹೃದಯವನ್ನು ಕೆಲವು ದಶಕಗಳ ಬಳಿಕ ಅಲ್ಲಿನ ಕಂಬವೊಂದರೊಳಗೆ ಇಟ್ಟು ಮುಚ್ಚಿದರು. 1880ರಲ್ಲಿ ಅದರ ಮೇಲೆ ಸ್ಮಾರಕಫಲಕ ಬಂದಿತು. ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ನಿಧಿಯನ್ನೂ ಹೃದಯವನ್ನೂ ಕುರಿತು ಬರುವ ಇಪ್ಪತ್ತೊಂದನೆಯ ವಚನವನ್ನು ಆ ಫಲಕದ ಮೇಲೆ ಕೆತ್ತಲಾಗಿದೆ.

1944ರಲ್ಲಿ ವಾರ್ಸಾ ಜರ್ಮನರ ವಿರುದ್ಧ ದಂಗೆಯೆದ್ದಾಗ ಆ ದೇವಾಲಯವೇ ರಣರಂಗವಾಯಿತು. ಹೃದಯವನ್ನು ಅಲ್ಲಿಂದ ತೆಗೆದು ಸಾಗಿಸಲಾಯಿತು. ಕೊನೆಗೆ ಅದು ಧರ್ಮಾಧ್ಯಕ್ಷರ ಕೈಸೇರಿ, ಮಿಲಾನೂವೆಕ್ ಎಂಬ ಊರಿನಲ್ಲಿ ಸುರಕ್ಷಿತವಾಗಿ ಉಳಿಯಿತು. ಯುದ್ಧ ಮುಗಿದ ಮೇಲೆ, 1945ರ ಅಕ್ಟೋಬರ್ 17ರಂದು, ಸಂಗೀತಗಾರನ ಮರಣದಿನದಂದೇ, ಅದು ಪಾಳುಬಿದ್ದ ವಾರ್ಸಾಕ್ಕೆ ಹಿಂದಿರುಗಿತು. ದೇವಾಲಯವನ್ನು ಮತ್ತೆ ಕಟ್ಟಲಾಯಿತು. 2014ರ ಏಪ್ರಿಲ್ ತಿಂಗಳ ಒಂದು ರಾತ್ರಿ ಮಹಾಧರ್ಮಾಧ್ಯಕ್ಷರ ಸಮ್ಮುಖದಲ್ಲಿ ತಜ್ಞರು ಆ ಪಾತ್ರೆಯನ್ನು ತೆರೆಯದೆಯೇ ಪರೀಕ್ಷಿಸಿದರು. ಕ್ಷಯರೋಗವು ಹೃದಯದ ಹೊದಿಕೆಗೆ ತಗುಲಿ ಸಾವು ಸಂಭವಿಸಿರಬಹುದೆಂದು 2017ರಲ್ಲಿ ತಮ್ಮ ಅಭಿಪ್ರಾಯವನ್ನು ಪ್ರಕಟಿಸಿದರು. ಹೃದಯವು ತನ್ನ ಕಂಬದೊಳಗೆ ಮತ್ತೆ ವಿಶ್ರಮಿಸಿತು.

ಪ್ರಿಯ ಓದುಗರೇ, ನಮ್ಮ ಸೀಮೆಯವರು ಕಲ್ಲಿನ ಬೆಲೆ ಬಲ್ಲವರು. ನಮ್ಮ ನೆಲದಿಂದ ಎದ್ದ ಶಹಾಬಾದಿ ಕಲ್ಲಿನ ಹಾಸು ನಾಡಿನ ಎಷ್ಟೋ ಮನೆಗಳಲ್ಲಿ, ಗುಡಿಗಳಲ್ಲಿ, ಶಾಲೆಗಳಲ್ಲಿ ಜನರ ಕಾಲಡಿಯಲ್ಲಿದೆ. ದೇವಾಲಯದ ಕಲ್ಲುಗಳು ನೂರು ವರ್ಷ ನಿಂತದ್ದು ಅವುಗಳ ಗಟ್ಟಿತನದಿಂದ ಮಾತ್ರವಲ್ಲ. ಅವುಗಳ ಬಳಿ ಮೊಣಕಾಲೂರಿದವರು ತಂದ ಚಿಕ್ಕ ಚಿಕ್ಕ ಕಾಣಿಕೆಗಳಿಂದಲೂ ಹೌದು. ಗಾನವೃಂದದಲ್ಲಿ ಹಾಡಿದ ಒಂದು ದನಿ, ಪೀಠಕ್ಕೆ ಇಟ್ಟ ಹೂವು, ರೋಗಿಯ ಹಾಸಿಗೆಯ ಬಳಿ ಕಳೆದ ಒಂದು ರಾತ್ರಿ, ಇವುಗಳನ್ನು ಕೊಟ್ಟವರು ಸಹ ಅವನ್ನು ಹಗುರವೆಂದೇ ಎಣಿಸಿರಬಹುದು. ಹತ್ತೊಂಬತ್ತರ ಅತಿಥಿಯೊಬ್ಬ ತಂದೆ-ಮಗಳಿಗೆ ಬರೆದುಕೊಟ್ಟು ಹಗುರವೆಂದು ತಳ್ಳಿಹಾಕಿದ ಪೊಲೊನೇಸ್ ಇಂದಿಗೂ ನುಡಿಯುತ್ತಿದೆ. ದೂರ ಹೋಗಿದ್ದ ಆ ಅತಿಥಿಯೂ, ಬಿಡದೆ ಬಂದ ಒಬ್ಬ ಗುರು ಮತ್ತು ಬಿಟ್ಟುಹೋಗದ ಕೆಲವು ಸ್ನೇಹಿತರ ಕೈಹಿಡಿದು, ಮನೆಗೆ ಮರಳಿದನು. ನಮ್ಮ ದಾಖಲೆ ಪುಸ್ತಕಗಳಲ್ಲಿ ಹೆಸರಿದ್ದು, ಇಂದು ದೇವಾಲಯದ ಬೆಂಚಿನಲ್ಲಿ ಕಾಣದಿರುವವರನ್ನು ಈ ಶತಮಾನೋತ್ಸವದ ಸಂದರ್ಭದಲ್ಲಿ ನಾವು ನೆನೆಯೋಣ. ಅವರ ಬಾಗಿಲಿಗೆ ಹೋಗುವುದನ್ನು ಬಿಡದಿರೋಣ.